ಒಂದೇ ಕಾಯಿ ಉಳಿಸಿಕೊಂಡ ದಿನ

2023ರ ಜುಲೈ 22, ಶನಿವಾರ. ಬೆಳಗ್ಗೆ ಆರು ಗಂಟೆಗೆ ಹಿತ್ತಲಲ್ಲಿ ಕತ್ತರಿ ಹಿಡಿದು ಕೂತಿದ್ದೆ. ಎದುರಿಗೆ ಒಂದೇ ಬಳ್ಳಿಯಲ್ಲಿ ಮೂರು ಕುಂಬಳಕಾಯಿ. ಮೊದಲನೆಯದು ಸಣ್ಣ ಬಿಂದಿಗೆಯಷ್ಟು, ಎರಡನೆಯದು ಅದಕ್ಕಿಂತ ಚಿಕ್ಕದು, ಮೂರನೆಯದು ಸುಲಿದ ತೆಂಗಿನಕಾಯಿಯಷ್ಟು. ತೂಕದ ಸ್ಪರ್ಧೆಗೆಂದು ಬೆಳೆಸುವ ದೈತ್ಯ ಕುಂಬಳ ಇದು, ಬಳ್ಳಿಯ ಶಕ್ತಿಯೆಲ್ಲ ಒಂದೇ ಕಾಯಿಗೆ ಹೋಗಲೆಂದು ಮೂರರಲ್ಲಿ ಎರಡನ್ನು ಅವತ್ತು ಕತ್ತರಿಸಬೇಕಿತ್ತು.

ಸಾಗರದ ಕಡೆಯ ಮನೆಯಲ್ಲಿ ಬೆಳೆದವಳಿಗೆ ಇದು ಸುಲಭವಲ್ಲ. ನಮ್ಮಲ್ಲಿ ಕುಂಬಳದ ಹೀಚು ಕಚ್ಚಿತೆಂದರೆ ಅದು ಮನೆಮಂದಿಗೆಲ್ಲ ಸುದ್ದಿ. ಅಮ್ಮ ಕೊಟ್ಟಿಗೆಯ ಮಾಡಿನ ಮೇಲೆ ಬಳ್ಳಿ ಹಬ್ಬಿಸುತ್ತಿದ್ದಳು. ಎಷ್ಟು ಕಾಯಿ ಎಂದು ಎಣಿಸುವಾಗ ನಾವು ಬೆರಳು ಚಾಚುವ ಹಾಗಿರಲಿಲ್ಲ, ಬೆರಳು ತೋರಿಸಿದರೆ ಹೀಚು ಕೊಳೆಯುತ್ತದೆ ಎಂದು ಮಡಚಿದ ಬೆರಳಲ್ಲೇ ಎಣಿಸಬೇಕು. ಹಾಗೆ ಕಾಪಾಡಿಕೊಂಡ ಹೀಚನ್ನು ಬೇಕೆಂದೇ ಕತ್ತರಿಸುವುದು ಅಂದರೆ ಕೈ ಮುಂದೆ ಹೋಗುವುದಿಲ್ಲ.

ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಇಲ್ಲಿ ಟಾಪ್ಸ್‌ಫೀಲ್ಡ್ ಎಂಬ ಊರಿನಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಕೃಷಿ ಜಾತ್ರೆ ಆಗುತ್ತದೆ, ಇನ್ನೂರು ವರ್ಷಕ್ಕೂ ಹಳೆಯ ಜಾತ್ರೆ. 2012ರಲ್ಲಿ ರಾನ್ ವ್ಯಾಲೇಸ್ ಎಂಬುವರು ಅಲ್ಲಿ ತೂಗಿದ ಕುಂಬಳ 2009 ಪೌಂಡ್ ಇತ್ತು, ಅಂದರೆ 911 ಕೆಜಿ. ಜಗತ್ತಿನಲ್ಲೇ 2000 ಪೌಂಡ್ ದಾಟಿದ ಮೊದಲ ಕುಂಬಳ ಅದು. ನಾವು 2022ರಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಅಲ್ಲಿನ ಕಾಯಿಗಳು ನಮ್ಮ ಸಿಹಿಗುಂಬಳದ ಹಾಗೆ ದುಂಡಗೆ ನಿಲ್ಲುವುದಿಲ್ಲ, ತಮ್ಮ ಭಾರಕ್ಕೆ ತಾವೇ ಚಪ್ಪಟೆಯಾಗಿ, ಮಲಗಿದ ಎಮ್ಮೆಯ ಹಾಗೆ ಹರಡಿಕೊಂಡಿರುತ್ತವೆ. ಮಕ್ಕಳು ಐಸ್‌ಕ್ರೀಮ್ ಕಡೆ ಓಡಿದರು. ನಾನು ಅಲ್ಲೇ ನಿಂತುಬಿಟ್ಟೆ.

ಪಕ್ಕದ ಮನೆಯ ಅಜ್ಜ ವರ್ಷಗಳಿಂದ ಇಂಥ ಕುಂಬಳ ಬೆಳೆಯುತ್ತಿದ್ದರು. ಈಗ ಮಂಡಿ ನೋವು, ಬಿಟ್ಟಿದ್ದಾರೆ. ಏಪ್ರಿಲ್‌ನಲ್ಲಿ ನನಗೆ ಎರಡು ಬೀಜ ಕೊಟ್ಟರು. ಕೊಡುವಾಗ ಅದರ ವಂಶಾವಳಿಯನ್ನೂ ಹೇಳಿದರು. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹೋವರ್ಡ್ ಡಿಲ್ ಎಂಬ ರೈತ ಇದ್ದರು, 1979ರಿಂದ ಸತತ ನಾಲ್ಕು ವರ್ಷ ವಿಶ್ವ ಸ್ಪರ್ಧೆ ಗೆದ್ದವರು. ಅವರು ಆರಿಸಿ ಆರಿಸಿ ಬೆಳೆಸಿದ ‘ಅಟ್ಲಾಂಟಿಕ್ ಜೈಂಟ್’ ತಳಿಯಿಂದಲೇ ಇವತ್ತಿನ ಸ್ಪರ್ಧೆಯ ಕುಂಬಳಗಳು ಹೆಚ್ಚುಕಮ್ಮಿ ಎಲ್ಲವೂ ಇಳಿದು ಬಂದಿವೆ. ಬೀಜಕ್ಕೆ ಹೆಸರಿಡುವ ಕ್ರಮವೂ ಇದೆ. ತಾಯಿಕಾಯಿಯ ತೂಕ, ಬೆಳೆದವರ ಮನೆತನದ ಹೆಸರು, ಬೆಳೆದ ವರ್ಷ. ಅಷ್ಟೇ ಹೆಸರು.

ಬೀಜದ ಅಂಚನ್ನು ಉಗುರು ತಿಕ್ಕುವ ಅರದಿಂದ ಮೆಲ್ಲಗೆ ಉಜ್ಜಿ, ನೆನೆಸಿ, ಒಳಗೆ ಬೆಚ್ಚಗಿನ ಜಾಗದಲ್ಲಿ ಮೊಳಕೆ ಬರಿಸಿದೆ. ಒಂದು ಬಂತು, ಇನ್ನೊಂದು ಬರಲಿಲ್ಲ. ಮೇ ಮಧ್ಯದಲ್ಲಿ ಹಿಮ ಬೀಳುವ ಭಯ ಕಳೆದ ಮೇಲೆ ಹೊರಗೆ ನೆಟ್ಟೆ. ಆಮೇಲೆ ಕೆಲಸವೋ ಕೆಲಸ. ಮುಖ್ಯ ಬಳ್ಳಿಯನ್ನು ನೇರವಾಗಿ ಬಿಡಬೇಕು, ಎರಡೂ ಪಕ್ಕದ ಕವಲುಗಳನ್ನು ಮೀನಿನ ಮುಳ್ಳಿನ ಹಾಗೆ ಹರಡಬೇಕು, ಕವಲಿಗೆ ಬರುವ ಮರಿಕವಲು ಚಿವುಟಬೇಕು, ಪ್ರತಿ ಗೆಣ್ಣಿಗೂ ಮಣ್ಣು ಮುಚ್ಚಬೇಕು. ಗೆಣ್ಣಲ್ಲೂ ಬೇರು ಬಿಡುತ್ತದೆ, ಅಷ್ಟು ಬೇರು ಸೇರಿ ಒಂದು ಕಾಯಿಗೆ ನೀರು ಎಳೆಯುತ್ತವೆ.

ಆ ವರ್ಷ ಜುಲೈ ತುಂಬಾ ಮಳೆ. ಹೂವಿಗೆ ನೀರು ಬಿದ್ದರೆ ಪರಾಗ ಹಾಳಾಗುತ್ತದಲ್ವಾ, ಅದಕ್ಕೆ ಮಾರನೇ ದಿನ ಅರಳುವ ಹೆಣ್ಣು ಹೂವಿಗೆ ಹಿಂದಿನ ಸಂಜೆಯೇ ಪ್ಲಾಸ್ಟಿಕ್ ಲೋಟ ಕವುಚಿ ಇಡುತ್ತಿದ್ದೆ. ಬೆಳಗ್ಗೆ ಐದೂವರೆಗೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಒಳಗಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನೊಳಗೆ ತಿರುಗಿಸಿ ತಿರುಗಿಸಿ ಹಚ್ಚುವುದು. ಇದನ್ನು ಯಾರೂ ನನಗೆ ಹೇಳಿಕೊಡಬೇಕಿರಲಿಲ್ಲ. ಮಳೆಗಾಲದಲ್ಲಿ ಜೇನು ಬಾರದ ದಿನ ಅಮ್ಮ ಇದನ್ನೇ ಮಾಡುತ್ತಿದ್ದಳು. ಹಾಗೆ ಜುಲೈ 6ಕ್ಕೆ ಒಂದು, 9ಕ್ಕೆ ಒಂದು, 12ಕ್ಕೆ ಒಂದು ಹೂ ಮುಗಿಸಿದೆ. ಮೂರೂ ಕಚ್ಚಿದವು.

ಈಗ ಆ ಶನಿವಾರಕ್ಕೆ ಬರುತ್ತೇನೆ. ಅಜ್ಜ ಹಿಂದಿನ ಸಂಜೆಯೇ ಬಂದು ನೋಡಿ, ನಡುವಿನದನ್ನು ಉಳಿಸು ಎಂದಿದ್ದರು. ಕೊನೆಯ ಚಿಕ್ಕದನ್ನು ಕೀಳು ಅಂದಿದ್ದರೆ ಒಪ್ಪುತ್ತಿದ್ದೆ. ಆದರೆ ಎಲ್ಲಕ್ಕಿಂತ ದೊಡ್ಡದನ್ನೂ ಕೀಳು ಅಂದರೆ ಹೇಗೆ? ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಗ್ಗೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಮಧ್ಯಾಹ್ನ ಮೂರೂವರೆ, ಅಮ್ಮ ಚಹಾಕ್ಕೆ ನೀರಿಟ್ಟಿದ್ದಳು.

“ಚೆನ್ನಾಗಿ ದಪ್ಪ ಆಗ್ತಿರೋದನ್ನ ಯಾಕೆ ಕೀಳ್ತೀಯೇ ಮಾರಾಯ್ತಿ?”

“ಅಜ್ಜ ಹೇಳಿದ್ದು ಅಮ್ಮಾ. ನೀನೊಂದ್ಸಲ ನೋಡು.”

ಫೋನನ್ನು ಬಳ್ಳಿಯ ಹತ್ತಿರ ಹಿಡಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬಂದಳು. ಎಲೆ ಸರಿಸು ಅಂದಳು, ಇನ್ನೂ ಹತ್ತಿರ ಹಿಡಿ ಅಂದಳು, ಮೂರು ಕಾಯಿಯ ತೊಟ್ಟನ್ನೂ ಒಂದೊಂದಾಗಿ ನೋಡಿದಳು. ಸ್ವಲ್ಪ ಹೊತ್ತು ಮಾತಿಲ್ಲ.

“ದೊಡ್ಡದರ ತೊಟ್ಟು ಬಳ್ಳಿಗೇ ಒರಗಿದೆ ನೋಡು. ನಾಳೆ ಕಾಯಿ ಉಬ್ಬಿದ್ರೆ ಅದರ ಹೆಗಲು ಬಳ್ಳೀನ ಒತ್ತುತ್ತೆ, ತೊಟ್ಟು ಸೀಳುತ್ತೆ. ನಡುವಿಂದು ನೆಟ್ಟಗೆ ಹೊರಗೆ ಚಾಚಿದೆ. ಅವರು ಹೇಳಿದ್ದು ಸರಿ.”

ಇಂಗ್ಲಿಷ್ ಬಾರದ ಅಮ್ಮ, ಕನ್ನಡ ಬಾರದ ಅಜ್ಜ, ಇಬ್ಬರೂ ಒಂದೇ ತೊಟ್ಟು ನೋಡಿ ಒಂದೇ ಮಾತು ಹೇಳಿದರು. ನನಗೆ ಗಂಟಲು ಕಟ್ಟಿತು. ಕತ್ತರಿ ಹಾಕಿದೆ. ದೊಡ್ಡದರ ತೊಟ್ಟಿನಿಂದ ನೀರು ತೊಟ್ಟಿಕ್ಕಿತು.

“ಬಿಸಾಡಬೇಡ. ಎಳೇದು, ಪಲ್ಯ ಮಾಡು,” ಅಂದಳು ಅಮ್ಮ.

ಚಿಕ್ಕದರದ್ದು ಪಲ್ಯ ಆಯಿತು, ಸಾಸಿವೆ, ಕಾಯಿತುರಿ ಜಾಸ್ತಿ ಹಾಕಿ. ದೊಡ್ಡದು ನೀರು ನೀರು, ರುಚಿಯಿಲ್ಲ. ತಿನ್ನಲಿಕ್ಕೆಂದು ಬೆಳೆಸಿದ ತಳಿ ಅಲ್ಲ ಅದು. ಆದರೂ ಬೆಲ್ಲ ಹಾಕಿ ಹುಳಿ ಮಾಡಿ ಮುಗಿಸಿದೆವು.

ಉಳಿದ ಕಾಯಿ ಮರುದಿನದಿಂದಲೇ ಓಟಕ್ಕೆ ಬಿತ್ತು. ಕೆಳಗೆ ಮರಳು ಹಾಸಿದೆ. ಬಿಸಿಲಿಗೆ ಸಿಪ್ಪೆ ಗಟ್ಟಿಯಾದರೆ ಒಳಗಿನಿಂದ ಉಬ್ಬುವಾಗ ಬಿರುಕು ಬಿಡುತ್ತದೆ, ಅದಕ್ಕೆ ಅಮ್ಮ ಹಿಂದಿನ ಸಲ ಬಂದಾಗ ಬಿಟ್ಟುಹೋಗಿದ್ದ ಹಳೇ ಕಾಟನ್ ಸೀರೆಯನ್ನು ಕೋಲು ನೆಟ್ಟು ಮೇಲೆ ಕಟ್ಟಿದೆ. ಮಧ್ಯಾಹ್ನದ ಬಿಸಿಲಿಗೆ ಬಳ್ಳಿ ಮೆತ್ತಗಾದಾಗ ತೊಟ್ಟಿನ ಹತ್ತಿರ ಒಂದೊಂದು ಇಂಚು ಹಿಂದೆ ಸರಿಸುತ್ತಿದ್ದೆ, ಹೆಗಲಿಗೆ ಜಾಗ ಸಿಗಲಿ ಎಂದು. ಸಂಜೆ ಟೇಪ್ ಹಿಡಿದು ಮೂರು ಅಳತೆ: ಸುತ್ತಳತೆ, ಒಂದು ಪಕ್ಕದ ನೆಲದಿಂದ ಮೇಲೆ ಹಾದು ಇನ್ನೊಂದು ಪಕ್ಕದ ನೆಲಕ್ಕೆ, ತೊಟ್ಟಿನ ಕಡೆಯಿಂದ ಹೂವಿನ ಕಡೆಗೆ. ಮೂರನ್ನೂ ಕೂಡಿಸಿ ಪಟ್ಟಿಯಲ್ಲಿ ನೋಡಿದರೆ ಅಂದಾಜು ತೂಕ ಸಿಗುತ್ತದೆ. ಆಗಸ್ಟ್‌ನಲ್ಲಿ ಒಂದು ದಿನಕ್ಕೆ 14 ಪೌಂಡ್ ಏರಿದ್ದೂ ಇದೆ. ಪಳಗಿದವರ ಹಿತ್ತಲಲ್ಲಿ ದಿನಕ್ಕೆ 40-50 ಪೌಂಡ್ ಏರುತ್ತದೆ. ಮಕ್ಕಳಿಗೆ ಮಾತ್ರ ಮೊದಲೇ ಹೇಳಿಟ್ಟಿದ್ದೆ, ಬೆರಳು ತೋರಿಸಬೇಡಿ ಅಂತ. ಮಗಳು ಇವತ್ತಿಗೂ ಕುಂಬಳವನ್ನು ಮಡಚಿದ ಬೆರಳಲ್ಲೇ ತೋರಿಸುತ್ತಾಳೆ.

ಸೆಪ್ಟೆಂಬರ್‌ನಲ್ಲಿ ಎಲೆಗೆ ಬೂದಿ ರೋಗ ಬಂತು, ಬೆಳವಣಿಗೆ ನಿಂತಿತು. ಅಕ್ಟೋಬರ್ 7ಕ್ಕೆ ಆರು ಜನ ಟಾರ್ಪಾಲಿನಲ್ಲಿ ಎತ್ತಿ ಪಿಕಪ್‌ಗೆ ಹಾಕಿ, ಹತ್ತಿರದ ತೋಟವೊಂದರಲ್ಲಿ ನಡೆಯುವ ಸಣ್ಣ ತೂಕದ ಸ್ಪರ್ಧೆಗೆ ಒಯ್ದೆವು. 386 ಪೌಂಡ್, 175 ಕೆಜಿ. ಎರಡು ದಿನ ಬಿಟ್ಟು ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇಯಲ್ಲಿ ಮಿನೆಸೋಟಾದ ಟ್ರಾವಿಸ್ ಗೀಂಗರ್ 2749 ಪೌಂಡಿನ ವಿಶ್ವದಾಖಲೆ ಮಾಡಿದರು. ಆ ವಿಡಿಯೋವನ್ನು ಅಜ್ಜ, ನಾನು, ಮಕ್ಕಳು ಅಡುಗೆಮನೆಯ ಮೇಜಿನ ಸುತ್ತ ಕೂತು ನೋಡಿದೆವು. ಅಜ್ಜ ಕಾಯಿಗಿಂತ ಹೆಚ್ಚಾಗಿ ಅದರ ತೊಟ್ಟನ್ನೇ ನೋಡುತ್ತಿದ್ದರು.

ತಿಂಗಳ ಕೊನೆಗೆ ಒಡೆಯುವ ದಿನ ಬಂತು. ಇಡೀ ಕುಂಬಳಕ್ಕೆ ಹೆಂಗಸರು ಮೊದಲು ಕತ್ತಿ ಹಾಕಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಅಮ್ಮನನ್ನು ಕೇಳಿದೆ. ಸ್ವಲ್ಪ ಯೋಚಿಸಿ, “ನೀನೇ ಸಾಕಿದ್ದು, ನೀನೇ ಹಾಕು” ಅಂದಳು. ಗರಗಸದಲ್ಲಿ ಕೊಯ್ದೆ. ಒಳಗೆ ತಣ್ಣಗಿನ ಗುಹೆ, ನಾರಿನ ನಡುವೆ ಬೀಜ. ತೊಳೆದು, ಫ್ಯಾನ್ ಕೆಳಗೆ ಹರಡಿ ಒಣಗಿಸಿದೆವು.

ಅಜ್ಜ ಕಾಗದದ ಲಕೋಟೆ ತಂದಿದ್ದರು. ತಮ್ಮ ಕೈಯಲ್ಲೇ ‘386’ ಎಂದು ಬರೆದು, ಮುಂದೆ ನಿನ್ನ ಮನೆತನದ ಹೆಸರು ಹೇಳು ಎಂದರು. ನಮ್ಮಲ್ಲಿ ಮನೆತನದ ಹೆಸರು ಇಲ್ಲ, ನನ್ನ ಹೆಸರಿನ ಮುಂದಿನ ‘ಎಸ್’ ಊರಿನದು ಎಂದೆ. ಊರಿನದನ್ನೇ ಬರೆಯೋಣ ಎಂದು ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡರು.

386 ಸಾಗರ 2023.