ಜನವರಿಗೆ ಮತ್ತೆ ಕೊಲ್ಕತ್ತಾ

ಟಿಕೆಟ್ ಆಯಿತು. ಜನವರಿ ಕೊನೆಯ ವಾರ, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೌರಾಗೆ ದುರಂತೋ ಎಕ್ಸ್‌ಪ್ರೆಸ್. ಮೊದಲ ಸಲ ಆ ಹೆಸರು ಕೇಳಿ ನಮ್ಮಮ್ಮ ಹೆದರಿದ್ದರು. ಬಂಗಾಳಿಯಲ್ಲಿ ಅದು ತಡೆಯಿಲ್ಲದ ಓಟಕ್ಕೆ ಹೇಳುವ ಮಾತು.

ನನ್ನ ಯಜಮಾನರ ಬ್ಯಾಂಕ್ ಕೆಲಸದ ಮೇಲೆ ನಾವು ನಾಲ್ಕು ವರ್ಷ ಆ ಊರಿನಲ್ಲಿದ್ದೆವು. ಲೇಕ್ ಮಾರ್ಕೆಟ್ ಹತ್ತಿರ ಮಹಡಿಯಲ್ಲಿ ನಾವು, ಕೆಳಗೆ ಮನೆ ಮಾಲೀಕರು. ಅವರನ್ನು ಕರೆಯುತ್ತಿದ್ದದ್ದು ದಾದಾ, ಬೌದಿ ಅಂತಲೇ. ನಮ್ಮಲ್ಲಿ ಅಣ್ಣ, ಅತ್ತಿಗೆ ಅಂದ ಹಾಗೆ. ಮಗಳ ಅನ್ನಪ್ರಾಶನದಲ್ಲಿ ಸೋದರಮಾವನ ಸ್ಥಾನದಲ್ಲಿ ಕೂತು ಮೊದಲ ತುತ್ತು ತಿನ್ನಿಸಿದವರು ದಾದಾ. ಈಗ ಅವರಿಗೆ ಎಂಬತ್ತು ದಾಟಿದೆ. ಭಾನುವಾರ ಫೋನ್ ಮಾಡಿದರೆ ಮೊದಲ ಪ್ರಶ್ನೆ, "ಕೊಬೇ ಆಶ್ಛೋ?" ಯಾವಾಗ ಬರ್ತೀಯ?

ನೀವೂ ಹೀಗೆ ಹಳೆಯ ಸ್ನೇಹಿತರನ್ನು ನೋಡಲು ಹೊರಟಿದ್ದರೆ ದುರ್ಗಾಪೂಜೆಯ ದಿನಗಳನ್ನು ಬಿಡಿ. ಹಿಂದಿನ ಸಲ ನಾವು ಅಷ್ಟಮಿಯ ಸಂಜೆ ಅವರ ಮನೆಗೆ ಹೊರಟು, ಮೂರು ಗಂಟೆ ಟ್ಯಾಕ್ಸಿಯಲ್ಲೇ ಕೂತಿದ್ದೆವು. ಪೆಂಡಾಲುಗಳ ಜನಸಾಗರದಿಂದ ರಸ್ತೆಗಳೇ ಬಂದ್. ತಲುಪುವಷ್ಟರಲ್ಲಿ ದಾದಾ ಮಲಗಿಬಿಟ್ಟಿದ್ದರು. ಹಬ್ಬ ನೋಡಬೇಕೆನ್ನುವವರು ಹಬ್ಬಕ್ಕೇ ಹೋಗಲಿ. ಜನರನ್ನು ನೋಡುವವರಿಗೆ ಚಳಿಗಾಲವೇ ಸರಿ.

ರೈಲಿನ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಅಂದೇ ಮಾಡಿಸಿ. ಪ್ರಯಾಣ ಹೆಚ್ಚುಕಡಿಮೆ 30 ಗಂಟೆ. ಹೋಗುವ ದಿಕ್ಕಿಗೆ ಬಲಗಡೆಯ ಕಿಟಕಿ ಸಿಕ್ಕರೆ ಒಡಿಶಾದಲ್ಲಿ ಚಿಲಿಕಾ ಸರೋವರ ಹಳಿಯ ಪಕ್ಕದಲ್ಲೇ ಬಹಳ ಹೊತ್ತು ಜೊತೆಗಿರುತ್ತದೆ. ವಿಮಾನದಲ್ಲಿ ಹೋಗುವವರಿಗೆ 2025ರ ಆಗಸ್ಟ್‌ನಿಂದ ನಿಲ್ದಾಣದ ಬಳಿಯೇ ಮೆಟ್ರೋ ಇದೆ. ಜೈ ಹಿಂದ್ ನಿಲ್ದಾಣದಲ್ಲಿ ಹತ್ತಿ, ನೋವಾಪಾಡಾದಲ್ಲಿ ಬದಲಿಸಿದರೆ ನೇರ ಊರ ನಡುವೆ.

ಹೌರಾದಲ್ಲಿ ಇಳಿದವರು ಸಾಮಾನು ಭಾರವಿದ್ದರೆ ಮೆಟ್ರೋದಲ್ಲೇ ಹೋಗಿ; 2024ರಿಂದ ಅದು ಹೂಗ್ಲಿ ನದಿಯ ಅಡಿಯಲ್ಲೇ ಎಸ್‌ಪ್ಲನೇಡ್‌ಗೆ ಓಡುತ್ತಿದೆ. ಆದರೆ ಒಂದು ದಿನ ಬರಿಗೈಯಲ್ಲಿ ಬಂದು ನಿಲ್ದಾಣದ ಎದುರಿನ ಘಾಟಿನಿಂದ ದೋಣಿ ಹತ್ತಿ. ಕಂದು ನೀರು, ಬೆನ್ನ ಹಿಂದೆ 1943ರ ಹೌರಾ ಸೇತುವೆ. ನನಗೆ ಊರು ತಲುಪಿದೆ ಅನ್ನಿಸುವುದು ಅಲ್ಲಿಯೇ.

ಒಂದು ಸಂಗತಿ ನೆನಪಿಡಿ: ಜನವರಿಯಲ್ಲಿ ಅಲ್ಲಿ ಸಂಜೆ ಐದು ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ನಮ್ಮ ಊರಿನ ಲೆಕ್ಕದಲ್ಲಿ ಹೊರಟರೆ ಕತ್ತಲಾಗಿರುತ್ತದೆ. ಸ್ವೆಟರ್ ಬೇಕು. ವಿಕ್ಟೋರಿಯಾ ಮೆಮೋರಿಯಲ್, ಇಂಡಿಯನ್ ಮ್ಯೂಸಿಯಂ ಸೋಮವಾರ ಮುಚ್ಚಿರುತ್ತವೆ. ತಿಂಗಳ ಕೊನೆಗೆ ಸಾಲ್ಟ್ ಲೇಕ್‌ನಲ್ಲಿ ಪುಸ್ತಕ ಮೇಳ ಸಿಕ್ಕರೆ ಬಿಡಬೇಡಿ. ಕರುಣಾಮಯಿ ಮೆಟ್ರೋ ನಿಲ್ದಾಣದಲ್ಲಿ ಇಳಿದರಾಯಿತು.

ಮನೆಗೆ ಹೋಗುವುದನ್ನು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಇಟ್ಟುಕೊಳ್ಳಬೇಡಿ. ಅದು ಭಾತ್ ಘೂಮ್, ಅನ್ನ ಉಂಡ ಮೇಲಿನ ನಿದ್ದೆ. ಊಟಕ್ಕೇ ಕರೆದರೆ ಬೇಗ ಹೋಗಿ. ಸಸ್ಯಾಹಾರಿಗಳು ಮೊದಲೇ 'ನಿರಾಮಿಷ್' ಅಂತ ಹೇಳಿಬಿಡಿ, ಸಂಕೋಚ ಬೇಡ. ಮೀನಿನ ನಾಡಿನಲ್ಲಿ ನಾಲ್ಕು ವರ್ಷ ಒಂದು ದಿನವೂ ನಾನು ಹಸಿದಿರಲಿಲ್ಲ. ಬೌದಿ ಒರಳುಕಲ್ಲಿನ ತಂಗಿಯಂಥ ಶಿಲ್‌ನೋಡಾದ ಮೇಲೆ ನೆನೆಸಿದ ಗಸಗಸೆ ಅರೆಯುತ್ತಿದ್ದರು, ಬೆಣ್ಣೆಯಂತಾಗುವ ತನಕ. ಆಲೂಗಡ್ಡೆ, ಸೀಳಿದ ಹಸಿಮೆಣಸು, ಕೊನೆಯಲ್ಲಿ ಮೇಲಿಂದ ಒಂದು ಚಮಚ ಹಸಿ ಸಾಸಿವೆ ಎಣ್ಣೆ. ಗಸಗಸೆ ಅಂದರೆ ಪಾಯಸ ಅಂತಲೇ ಬೆಳೆದ ನನಗೆ ಆ ಆಲೂ ಪೋಸ್ತೋ ಬಿಸಿ ಅನ್ನದ ಜೊತೆ ಹೊಸ ಲೋಕ.

ಸಂದೇಶ್‌ನ ಊರಿಗೆ ಸಿಹಿ ಯಾಕೆ ಅಂತ ಯೋಚಿಸಬೇಡಿ. ತುಪ್ಪದ ಮೈಸೂರು ಪಾಕ್ ಒಯ್ಯಿರಿ, ಒಡೆದ ಹಾಲಿನಿಂದ ಮಾಡುವ ಅವರ ಛಾನಾ ಸಿಹಿಗಿಂತ ಅದು ಬೇರೆಯೇ. ಬರುವಾಗ ಖರ್ಜೂರದ ಮರದ ರಸದಿಂದ ಮಾಡಿದ ನೋಲೇನ್ ಬೆಲ್ಲ ತನ್ನಿ. ಚಳಿಗಾಲದಲ್ಲಿ ಮಾತ್ರ ಸಿಗುತ್ತದೆ. ಸಂದೇಶ್ ದಾರಿಯಲ್ಲಿ ಹುಳಿಯಬಹುದು, ಗಟ್ಟಿ ಪಾಟಾಲಿ ಬೆಲ್ಲ ಕೆಡುವುದಿಲ್ಲ. ಮುರಿದರೆ ಹೊಗೆಯ ಪರಿಮಳ.

ಒಂದು ದಿನಕ್ಕೆ ಒಂದೇ ಮನೆ ಇಟ್ಟುಕೊಳ್ಳಿ. ಅಲ್ಲಿ ಹರಟೆಗೆ ಅಡ್ಡಾ ಅನ್ನುತ್ತಾರೆ. ಎರಡನೆಯ ಚಹಾ ಬರುವ ಮೊದಲು ಎದ್ದರೆ ಬಂದಂತೆಯೇ ಅಲ್ಲ. ಹೋದ ಸಲ ನಾನು ನಾಲ್ಕು ಮನೆ ಮುಗಿಸುವ ಅವಸರದಲ್ಲಿ, ಗಡಿಯಾ ಬಡಾವಣೆಯ ಹೊಸ ಮನೆಯಲ್ಲಿ ದಾದಾ ಅವರ ಕಣ್ಣಿನ ಆಪರೇಷನ್ ವಿಷಯವನ್ನೂ ಸರಿಯಾಗಿ ಕೇಳದೆ ಎದ್ದುಬಿಟ್ಟಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ. ಈ ಸಲ ಆರು ದಿನದಲ್ಲಿ ಮೂರು ದಿನ ಅವರಿಗೇ.

ಹೊರಡುವಾಗ ಮೆಟ್ಟಿಲಲ್ಲಿ ನಿಂತು "ಜಾಚ್ಛಿ", ಹೋಗ್ತೀನಿ, ಅಂದಿದ್ದೆ. ಬೌದಿ ಕೈ ಹಿಡಿದು ತಿದ್ದಿದರು: ಹಾಗನ್ನಬಾರದು, "ಆಶ್ಛಿ" ಅನ್ನು. ಬರ್ತೀನಿ ಅಂತ. ನಮ್ಮಲ್ಲೂ ಹಾಗೇ ತಾನೇ ಹೇಳುವುದು. ಮೊನ್ನೆ ಭಾನುವಾರ ದಾದಾ ಮಾಮೂಲಿ ಪ್ರಶ್ನೆ ಕೇಳಿದಾಗ ತಾರೀಖು ಹೇಳಿ, ಅದೇ ಪದ ಹೇಳಿದೆ: "ಆಶ್ಛಿ, ದಾದಾ."