ಚಾಕಲೇಟ್ ಕಲೆ

ಬೆಳಗ್ಗೆ ಬ್ರೆಡ್ ತಿನ್ನುವಾಗ ಮಗಳು ಬಿಳಿ ಯೂನಿಫಾರ್ಮ್ ಮೇಲೆಲ್ಲ ಚಾಕಲೇಟ್ ಸಿರಪ್ ಚೆಲ್ಲಿಕೊಂಡಳು. ಒರೆಸುತ್ತಾ ಕೂತವನಿಗೆ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ನೆನಪಾಯಿತು.

1968ರ ಅಮೆರಿಕದ ಹಾರರ್ ಸಿನಿಮಾ, ಸತ್ತ ಹೆಣಗಳು ಎದ್ದು ಬಂದು ಮನುಷ್ಯರನ್ನು ತಿನ್ನುವ ಕಥೆ. ಅದರಲ್ಲಿ ಹರಿಯುವ ರಕ್ತ ಇದೇ ಚಾಕಲೇಟ್ ಸಿರಪ್! ಕಪ್ಪು ಬಿಳುಪು ಚಿತ್ರ ಅಲ್ವಾ, ತೆರೆ ಮೇಲೆ ಥೇಟ್ ರಕ್ತವೇ.

ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಮಾಡಿಕೊಂಡಿದ್ದ ಜಾರ್ಜ್ ರೊಮೆರೊ ಮತ್ತು ಗೆಳೆಯರು ಮಾಡಿದ ಸಿನಿಮಾ ಅದು. ಹತ್ತು ಜನ ತಲಾ 600 ಡಾಲರ್ ಹಾಕಿ ಶುರು ಮಾಡಿದರು. ರೊಮೆರೊ ನಿರ್ದೇಶನದ ಜೊತೆ ಕ್ಯಾಮೆರಾ, ಎಡಿಟಿಂಗ್ ಎರಡನ್ನೂ ನೋಡಿಕೊಂಡರು. ನಿರ್ಮಾಪಕ ಕಾರ್ಲ್ ಹಾರ್ಡ್‌ಮನ್ ನೆಲಮಾಳಿಗೆಯಲ್ಲಿ ಅಡಗುವ ಅಪ್ಪನಾದರು. ಅವರ ಸ್ವಂತ ಮಗಳೇ ಸಿನಿಮಾದಲ್ಲೂ ಮಗಳು. ಹೆಂಡತಿಯ ಪಾತ್ರದ ಮರಿಲಿನ್ ಈಸ್ಟ್‌ಮನ್ ಮೇಕಪ್ ಕೆಲಸಕ್ಕೂ ನಿಂತರು. ಮರದ ಮೇಲಿನ ಹುಳ ಕಿತ್ತು ಬಾಯಿಗೆ ಹಾಕಿಕೊಳ್ಳುವ ಹೆಣ ಇದೆಯಲ್ಲ, ಅದೂ ಅವರೇ!

ದುಡ್ಡು ಕಮ್ಮಿ ಇದ್ದಾಗ ಜನ ಹೀಗೆ ಎಲ್ಲದಕ್ಕೂ ಹೆಗಲು ಕೊಡ್ತಾರಲ್ಲ, ಅದು ನನಗೆ ತುಂಬಾ ಇಷ್ಟ. ಆ ಸಿನಿಮಾ ನೋಡಿದಾಗೆಲ್ಲ ಭಯಕ್ಕಿಂತ ಜಾಸ್ತಿ ಪ್ರೀತಿಯೇ ಬರುತ್ತೆ.

ಯೂನಿಫಾರ್ಮ್ ಬಕೆಟ್‌ನಲ್ಲಿ ನೆನೆಹಾಕಿದ್ದೇನೆ. ನೀರೆಲ್ಲ ಕಂದು ಬಣ್ಣ. ಕಾಲರ್ ಹತ್ತಿರದ ಒಂದು ಕಲೆ ಇನ್ನೂ ಹೋಗಿಲ್ಲ.