ಕುಂಬಳಕಾಯಿಗೆ ನಾಡಿ ಇಲ್ಲ

ಮಡಿಕೇರಿಯ ಮನೆಯಲ್ಲೇ ಕೂತು ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ರೆಕಾರ್ಡ್) ಡೇಟಾದಿಂದ ಬೇಡದ ಸಿಗ್ನಲ್ ತೊಳೆಯುವುದು ನನ್ನ ಕೆಲಸ. ಬೆಂಗಳೂರಿನ ಒಂದು ಲ್ಯಾಬ್ ರೆಕಾರ್ಡ್ ಮಾಡಿ ಕಳಿಸುತ್ತದೆ, ನಾನು ಕೋಡ್ ಬರೆಯುತ್ತೇನೆ. ಕಳೆದ ಮಳೆಗಾಲದಲ್ಲಿ ಬಂದ ಡೇಟಾ ಸ್ವಲ್ಪ ತರಲೆಯದು. ತಲೆಗೆ 1 ಮಿಲಿಆಂಪಿಯರ್, 10 ಹರ್ಟ್ಸ್ ಕರೆಂಟ್ ಕೊಡುತ್ತಲೇ ಮಿದುಳಿನ ಅಲೆಗಳನ್ನೂ ಅಳೆದಿದ್ದರು.

ಮಿದುಳಿನದು ಹತ್ತಿಪ್ಪತ್ತು ಮೈಕ್ರೋವೋಲ್ಟ್. ಕರೆಂಟಿನ ಗಲಾಟೆ ಸಾವಿರ ಪಟ್ಟು ದೊಡ್ಡದಿರಬಹುದು. ಕಕ್ಕಡದ ಮಳೆ ಶೀಟಿನ ಮೇಲೆ ಸುರಿಯುವಾಗ ಪಕ್ಕದ ಕೋಣೆಯ ಪಿಸುಮಾತು ಕೇಳಬೇಕು, ಹಾಗೆ. ಸಾಲದ್ದಕ್ಕೆ ನಮಗೆ ಬೇಕಾದ, ಆಲ್ಫಾ ಎಂಬ ಮಿದುಳಿನ ಅಲೆಯೂ 8ರಿಂದ 13 ಹರ್ಟ್ಸ್; ಕರೆಂಟಿನ 10 ಅದರೊಳಗೇ. ಫಿಲ್ಟರ್ ಹಾಕಿದರೆ ಕಳೆಯ ಜೊತೆ ಪೈರೂ ಹೋಗುತ್ತದೆ.

ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿ (ಸ್ಯಾಚುರೇಟ್ ಆಗಿ) ಅಲೆಯ ತುದಿಯೇ ಕತ್ತರಿಸಿಹೋಗಿದ್ದ ಫೈಲ್‌ಗಳನ್ನು ಮೊದಲೇ ಬಿಟ್ಟೆ. ರೆಕಾರ್ಡೇ ಆಗದ್ದನ್ನು ಯಾವ ಕೋಡೂ ಹುಟ್ಟಿಸಲ್ಲ. ಉಳಿದದ್ದಕ್ಕೆ ಟೆಂಪ್ಲೇಟ್ ದಾರಿ: ಕರೆಂಟಿನ ಸುತ್ತುಗಳ ಸರಾಸರಿ ತೆಗೆದು, ಆ ಅಚ್ಚನ್ನು ಪ್ರತಿ ಸುತ್ತಿನಿಂದ ಕಳೆಯುವುದು.

ಕೋಡ್ ಪರೀಕ್ಷೆಗೆ ಹಿತ್ತಲಿನ ಕುಂಬಳಕಾಯಿಯೊಂದನ್ನು ಬಸ್ಸಲ್ಲಿ ಲ್ಯಾಬಿಗೆ ಹೊತ್ತೊಯ್ದೆ. ಅದಕ್ಕೆ ಮಿದುಳಿಲ್ಲ, ಹಾಗಾಗಿ ಕರೆಂಟನ್ನು ಕಳೆದರೆ ಏನೂ ಉಳಿಯಬಾರದು. "ಕಡಂಬುಟ್ಟು ಜೊತೆ ಕುಂಬಳ ಕರಿ ಮಾಡೋಣ ಅಂತಿದ್ದೆ" ಅಂತ ಅಮ್ಮ ಗೊಣಗಿದರು. ಜೆಲ್ ಹಚ್ಚಿ, ಎಲೆಕ್ಟ್ರೋಡ್ ಅಂಟಿಸಿ, ಅದೇ ಕರೆಂಟ್ ಕೊಟ್ಟೆವು. ಕೋಡ್ ಓಡಿಸಿದರೆ ಗೆರೆ ಹೆಚ್ಚುಕಮ್ಮಿ ಚಪ್ಪಟೆ! ಆ ಖುಷಿಯಲ್ಲೇ ಮನುಷ್ಯರ ಡೇಟಾಗೂ ಓಡಿಸಿ, ಕರೆಂಟ್ ಕೊಟ್ಟಾಗ ಆಲ್ಫಾ ಜಾಸ್ತಿಯಾಗಿದೆ ಅಂತ ರಿಪೋರ್ಟ್ ಕಳಿಸಿಬಿಟ್ಟೆ.

ಎರಡು ವಾರ ಬಿಟ್ಟು ಲ್ಯಾಬಿನ ಮೇಡಂ ಫೋನ್ ಮಾಡಿದರು. "ಒಬ್ಬರ ಸ್ಪೆಕ್ಟ್ರಮ್‌ನಲ್ಲಿ, ಅದೇ ಯಾವ ಹರ್ಟ್ಸ್‌ನಲ್ಲಿ ಎಷ್ಟು ಬಲ ಅಂತ ತೋರಿಸುವ ಗ್ರಾಫಲ್ಲಿ, 8.8 ಹರ್ಟ್ಸ್‌ಗೊಂದು, 11.2ಕ್ಕೊಂದು ಗುಡ್ಡ ಇದೆಯಲ್ಲ, ನೋಡಿದ್ರಾ?"

ನೋಡಿದ್ದೆ. ಅದನ್ನೇ ಆಲ್ಫಾ ಅಂದುಕೊಂಡಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪರಿಸ್ಥಿತಿ ನನ್ನದು, ಅದೂ ನಿಜವಾಗಿಯೇ ಕುಂಬಳಕಾಯಿ ಹೊತ್ತವನು.

ಅದೇ ವ್ಯಕ್ತಿಯ ಇಸಿಜಿ (ಎದೆಬಡಿತದ ರೆಕಾರ್ಡ್) ಚಾನೆಲ್ ತೆರೆದೆ. ನಾಡಿ ನಿಮಿಷಕ್ಕೆ 72, ಅಂದರೆ ಸೆಕೆಂಡಿಗೆ 1.2. ಹತ್ತರಿಂದ ಕಳೆದರೆ 8.8, ಕೂಡಿದರೆ 11.2. ಎದೆ ಬಡಿದಾಗಲೆಲ್ಲ ತಲೆಯಲ್ಲಿ ರಕ್ತ ಏರಿಳಿಯುತ್ತದೆ, ಕರೆಂಟಿಗೆ ಸಿಗುವ ತಡೆಯೂ ಚೂರು ಬದಲಾಗುತ್ತದೆ. ಉಸಿರಾಡಿದರೂ ಹಾಗೇ. ಹತ್ತು ಹರ್ಟ್ಸ್ ಅಲೆಯ ಎತ್ತರ ನಾಡಿಯ ತಾಳಕ್ಕೆ ಏರಿಳಿದರೆ, ಹತ್ತರ ಎರಡೂ ಪಕ್ಕ ನಾಡಿಯಷ್ಟು ದೂರದಲ್ಲಿ ಗುಡ್ಡ ಏಳುತ್ತದೆ. ಗಲಾಟೆಯ ಎತ್ತರವೇ ಹೀಗೆ ಅಲುಗಾಡುತ್ತಿದ್ದರೆ ಒಂದೇ ಅಚ್ಚು ಎಲ್ಲಿ ಕೂರುತ್ತದೆ? ಸಾವಿರದಲ್ಲಿ ಒಂದು ಪಾಲು ಉಳಿದರೂ ಅದು ಮಿದುಳಿನ ಸಿಗ್ನಲ್‌ನಷ್ಟೇ ದೊಡ್ಡದು. ನಾನು ಪರೀಕ್ಷೆಗೆ ಆರಿಸಿದ್ದು ಮಾತ್ರ ನಾಡಿಯೂ ಉಸಿರೂ ಇಲ್ಲದ ತಲೆಯನ್ನು.

ರಿಪೋರ್ಟ್ ವಾಪಸ್ ತಗೊಂಡೆ. ಈಗ ಆಲ್ಫಾ ಲೆಕ್ಕಕ್ಕೆ ಕರೆಂಟ್ ಕೊಡುವ ಮೊದಲಿನ, ನಿಲ್ಲಿಸಿದ ನಂತರದ ನಿಮಿಷಗಳನ್ನಷ್ಟೇ ತಗೊಳ್ಳುತ್ತೇನೆ. ನಡುವಿನದನ್ನು ನೋಡಲೇಬೇಕಾದರೆ ಇಸಿಜಿ ಪಕ್ಕದಲ್ಲಿ ಇಟ್ಟುಕೊಂಡೇ. ಕುಂಬಳಕಾಯಿಯನ್ನು ಮನೆಗೆ ತಂದಿದ್ದೆ. ಜೆಲ್ ಹಚ್ಚಿದ್ದು ಅಂತ ಅಮ್ಮ ಅಡುಗೆಮನೆಯೊಳಗೇ ಬಿಡಲಿಲ್ಲ.